ರಾಜೀನಾಮೆ ಬರೆದುಕೊಡುವ ಮುನ್ನ

ಸೇಡಂ, ಚಿತ್ತಾಪುರ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಯ ಕೆಲಸ ಹೋದವರನ್ನು ಮಾತಾಡಿಸಿದರೆ ‘ಹಿಸಾಬ್ ಮಾಡಿ ಕಳಿಸಿದರು’ ಅನ್ನುತ್ತಾರೆ. ಎಷ್ಟು ರೊಕ್ಕ ಬಂತು ಎಂಬುದು ನೆನಪಿರುತ್ತದೆ. ಆ ದಿನ ಯಾವ ಕಾಗದಕ್ಕೆ ಸಹಿ ಹಾಕಿದಿರಿ ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ‘ಏನೋ ಟೈಪ್ ಮಾಡಿ ಇಟ್ಟಿದ್ದರು, ಹಾಕಿದೆ.’ ಆ ಟೈಪ್ ಮಾಡಿದ ಹಾಳೆಯ ಮೇಲೆ ‘ಸ್ವಂತ ಕಾರಣದಿಂದ ರಾಜೀನಾಮೆ ನೀಡುತ್ತಿದ್ದೇನೆ’ ಎಂದಿದ್ದರೆ, ಮುಂದೆ ಸಿಗಬೇಕಾದ ಹಣದಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋದಂತೆ. ಈ ಲೇಖನದ ಮುಖ್ಯ ವಿಷಯ ಅದೇ. ನಿಮ್ಮನ್ನು ತೆಗೆದವರು ಅವರಾಗಿದ್ದರೆ, ತೆಗೆದಿದ್ದೇವೆ ಎಂದು ಅವರೇ ಬರೆದುಕೊಡಲಿ. ನೀವು ಬಿಟ್ಟೆನೆಂದು ನೀವು ಬರೆದುಕೊಡಬೇಡಿ.

ನಮ್ಮ ದೇಶದಲ್ಲಿ ಕೆಲಸ ಹೋದವರಿಗೆಲ್ಲ ಸರ್ಕಾರ ತಿಂಗಳು ತಿಂಗಳು ಭತ್ಯೆ ಕೊಡುವ ಒಂದೇ ಒಂದು ಯೋಜನೆ ಇಲ್ಲ. ಹಣ ಇರುವುದು ಬಿಡಿಬಿಡಿಯಾಗಿ: ಮಾಲೀಕ ಕೊಡುವ ಪರಿಹಾರ, ಗ್ರಾಚ್ಯುಟಿ, ಇ.ಎಸ್.ಐ. ಭತ್ಯೆ, ಪಿ.ಎಫ್., ಈಗ ಹೊಸದಾಗಿ ಮರುಕೌಶಲ ನಿಧಿ. ಒಂದೊಂದಕ್ಕೂ ಬೇರೆ ಕಚೇರಿ, ಬೇರೆ ಅರ್ಜಿ, ಬೇರೆ ಗಡುವು. ಎಲ್ಲವನ್ನೂ ಕೇಳಿ ಪಡೆದವರು ನಮ್ಮ ಕಡೆ ಕಡಿಮೆ.

ಈ ಮಾಹಿತಿ ಈಗ ಬೇಕಾಗಿರುವುದಕ್ಕೆ ಕಾರಣಗಳಿವೆ. ನಮ್ಮ ಸುಣ್ಣಕಲ್ಲಿನ ಪಟ್ಟಿಯಲ್ಲಿ ಕಾರ್ಖಾನೆಗಳ ಒಡೆತನ ಬೇಗಬೇಗ ಕೈ ಬದಲಾಯಿಸಿದೆ. ವಾಡಿಯ ಎಸಿಸಿ 2022ರಲ್ಲಿ ಅದಾನಿ ಸಮೂಹಕ್ಕೆ ಹೋಯಿತು. ಸೇಡಂನ ವಾಸವದತ್ತಾ ಸಿಮೆಂಟ್ 2025ರಲ್ಲಿ ಕೇಸೋರಾಮ್‌ನಿಂದ ಅಲ್ಟ್ರಾಟೆಕ್‌ಗೆ ಬಂತು. ಮಳಖೇಡದ ರಾಜಶ್ರೀ ಅದಕ್ಕೂ ಮೊದಲೇ ಆ ಕಂಪನಿಯದಾಗಿತ್ತು. ಚಿತ್ತಾಪುರ ತಾಲೂಕಿನ ಇಟಗಾದ ಓರಿಯಂಟ್ ಸಿಮೆಂಟ್ ಅದೇ ವರ್ಷ ಅಂಬುಜಾದ ಕೈ ಸೇರಿತು. ಒಡೆಯ ಬದಲಾದ ಮಾತ್ರಕ್ಕೆ ಯಾರ ಕೆಲಸವೂ ಹೋಗಬೇಕೆಂದಿಲ್ಲ. ಆದರೆ ಯಂತ್ರ ಹೊಸದಾದಾಗ, ಎರಡು ಘಟಕಗಳ ಕೆಲಸ ಒಂದೇ ಕಡೆ ಸೇರಿದಾಗ, ಗುತ್ತೇದಾರ ಬದಲಾದಾಗ ಮೊದಲು ಹೊರಗೆ ಬರುವವರು ಯಾರೆಂದು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆಯ ಕತೆ ಆ ಊರಿನ ಮನೆಮನೆಗೂ ಗೊತ್ತು.

ಮಾಲೀಕತ್ವ ಬದಲಾದ ಕಡೆ ಒಂದು ಮಾತು ನೆನಪಿಡಿ. ಹೊಸ ಮಾಲೀಕನ ಕೆಳಗೆ ನಿಮ್ಮ ಸೇವೆ ಕಡಿಯದೆ ಮುಂದುವರಿದು, ಪಗಾರ ಮತ್ತು ಷರತ್ತುಗಳು ಮೊದಲಿಗಿಂತ ಕೆಳಗಿಳಿಯದಿದ್ದರೆ, ಹಳೆಯ ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ. ಮುಂದೊಂದು ದಿನ ತೆಗೆದರೆ ಪರಿಹಾರವನ್ನು ಮೊದಲ ದಿನದಿಂದ ಎಣಿಸಬೇಕು. ‘ಹೊಸ ಕಂಪನಿಗೆ ಹೊಸ ನೇಮಕ’ ಎಂಬ ಪತ್ರ ಕೊಟ್ಟರೆ, ಅದರಲ್ಲಿ ಹಳೆಯ ಸೇವೆ ಮುಂದುವರಿಯುತ್ತದೆ ಎಂಬ ಸಾಲು ಇದೆಯೇ ಎಂದು ನೋಡಿಯೇ ಸಹಿ ಮಾಡಿ.

ತೆಗೆದದ್ದೋ, ನಿಲ್ಲಿಸಿದ್ದೋ, ಬಿಟ್ಟದ್ದೋ

ಕಾನೂನಿನ ಪ್ರಕಾರ ಲೇ-ಆಫ್ ಎಂದರೆ ಕೆಲಸ ಹೋಯಿತೆಂದಲ್ಲ. ಕಲ್ಲಿದ್ದಲು ಬರಲಿಲ್ಲ, ಕಿಲ್ನ್ ಕೆಟ್ಟಿತು, ಗೋದಾಮಿನಲ್ಲಿ ಮಾಲು ತುಂಬಿದೆ ಎಂದು ತಾತ್ಕಾಲಿಕವಾಗಿ ಕೆಲಸ ಕೊಡದಿರುವುದು ಲೇ-ಆಫ್. 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮತ್ತು ಗಣಿಯಲ್ಲಿ, ಒಂದು ವರ್ಷ ಸೇವೆ ಮುಗಿಸಿದವರಿಗೆ ಆ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು. ಮಸ್ಟರ್‌ನಲ್ಲಿ ಹೆಸರು ಹಾಗೇ ಇರಬೇಕು. ‘ಎರಡು ತಿಂಗಳು ಮನೆಗೆ ಹೋಗಿ, ಕರೆಯುತ್ತೇವೆ’ ಎಂದರೆ ಅದನ್ನೂ ಕಾಗದದ ಮೇಲೆ ಕೇಳಿ.

ಕೆಲಸದಿಂದಲೇ ತೆಗೆಯುವುದು ರಿಟ್ರೆಂಚ್‌ಮೆಂಟ್, ಅಂದರೆ ಕಡಿತ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ ಜಾಗದಲ್ಲಿ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. ಒಂದು ವರ್ಷ ಸತತ ಸೇವೆ ಮಾಡಿದವರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್, ಇಲ್ಲವೇ ಆ ತಿಂಗಳ ಪಗಾರ ಕೊಡಬೇಕು. ಜೊತೆಗೆ ವರ್ಷಕ್ಕೆ 15 ದಿನಗಳ ಸರಾಸರಿ ವೇತನದ ಲೆಕ್ಕದಲ್ಲಿ ಪರಿಹಾರ. 300 ಮತ್ತು ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಾದರೆ ಸರ್ಕಾರದ ಪೂರ್ವಾನುಮತಿ ಬೇಕು, ನೋಟಿಸ್ ಮೂರು ತಿಂಗಳದು. ಮೊದಲು ಈ ಮಿತಿ 100 ಇತ್ತು. ಅದನ್ನು ಏರಿಸಿದ್ದರಿಂದ ನಡು ಗಾತ್ರದ ಘಟಕಗಳ ಕಾರ್ಮಿಕರಿಗೆ ಇದ್ದ ಒಂದು ತಡೆಗೋಡೆ ಬಿದ್ದಿದೆ. ಹಾಗಾಗಿ ಉಳಿದ ಹಕ್ಕುಗಳನ್ನಾದರೂ ಗಟ್ಟಿಯಾಗಿ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುತ್ತಿದ್ದವರು ಈ ಸಂಹಿತೆಯ ‘ಕಾರ್ಮಿಕ’ ಎಂಬ ವ್ಯಾಖ್ಯೆಯಿಂದ ಹೊರಗುಳಿಯುತ್ತಾರೆ. ಅವರಿಗೆ ನೇಮಕಾತಿ ಪತ್ರದ ಷರತ್ತುಗಳೇ ಆಧಾರ.

ಕಡಿತ ಮಾಡುವಾಗ ಸಾಮಾನ್ಯವಾಗಿ ಕೊನೆಗೆ ಬಂದವರು ಮೊದಲು ಹೋಗಬೇಕು. ಒಂದು ವರ್ಷದೊಳಗೆ ಅದೇ ಕೆಲಸಕ್ಕೆ ಮತ್ತೆ ಜನ ಬೇಕಾದರೆ, ತೆಗೆದವರಿಗೆ ಮೊದಲ ಅವಕಾಶ. ಬಾಕಿ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ. ಇದು ರಾಜೀನಾಮೆಗೂ ಅನ್ವಯ.

ಒಂದು ಲೆಕ್ಕ

ಅಂಕಿಯಲ್ಲಿ ನೋಡೋಣ. 300ಕ್ಕಿಂತ ಕಡಿಮೆ ಜನರಿರುವ ಘಟಕ. ಪ್ಯಾಕಿಂಗ್ ವಿಭಾಗದ ಒಬ್ಬ ಕಾರ್ಮಿಕ. ತಿಂಗಳ ವೇತನ 13,000 ರೂಪಾಯಿ. ಸೇವೆ 9 ವರ್ಷ 7 ತಿಂಗಳು. ಆರು ತಿಂಗಳು ದಾಟಿದ ಭಾಗ ಪೂರ್ತಿ ವರ್ಷವಾಗುವುದರಿಂದ ಇದು 10 ವರ್ಷವೆಂದೇ ಲೆಕ್ಕ.

ಗ್ರಾಚ್ಯುಟಿಗೆ ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು: 7,500 ರೂಪಾಯಿ. ಹತ್ತು ವರ್ಷಕ್ಕೆ 75,000. ಕಡಿತದ ಪರಿಹಾರ ವರ್ಷಕ್ಕೆ ಅರ್ಧ ತಿಂಗಳ ವೇತನ, ಅಂದರೆ 6,500. ಹತ್ತು ವರ್ಷಕ್ಕೆ 65,000. ನೋಟಿಸ್ ಬದಲು ಪಗಾರ 13,000. ಮುಂದೆ ವಿವರಿಸಲಿರುವ ಮರುಕೌಶಲ ನಿಧಿಯಿಂದ 6,500. ಇಷ್ಟಕ್ಕೇ 1,59,500 ರೂಪಾಯಿ. ಇದರ ಮೇಲೆ, ಕೆಳಗೆ ವಿವರಿಸಿರುವ ಇ.ಎಸ್.ಐ.ಯ ಎರಡು ವರ್ಷದ ಭತ್ಯೆಗೆ ಅರ್ಹನಾಗಿ, ಅಷ್ಟು ಕಾಲವೂ ಕೆಲಸ ಸಿಗದೆ ಉಳಿದರೆ ಸುಮಾರು 1,17,000. ಒಟ್ಟು 2,76,500.

ಅದೇ ಮನುಷ್ಯ ರಾಜೀನಾಮೆಗೆ ಸಹಿ ಹಾಕಿದರೆ ಗ್ರಾಚ್ಯುಟಿಯ 75,000 ಮಾತ್ರ. ಪಿ.ಎಫ್. ಎರಡೂ ಸಂದರ್ಭದಲ್ಲಿ ಅವನದೇ. ಎರಡು ಲಕ್ಷಕ್ಕೂ ಮೀರಿದ ವ್ಯತ್ಯಾಸ ಒಂದು ಸಹಿಯಲ್ಲಿದೆ. ‘ರಾಜೀನಾಮೆ ಕೊಟ್ಟರೆ ಹಿಸಾಬ್ ಬೇಗ ಆಗುತ್ತದೆ’ ಎಂದು ಯಾರಾದರೂ ಬುದ್ಧಿ ಹೇಳಲು ಬಂದರೆ ಈ ಲೆಕ್ಕವನ್ನು ಅವರ ಮುಂದಿಡಿ.

ಇ.ಎಸ್.ಐ.ಯಲ್ಲಿ ಎರಡು ದಾರಿ

ಪಗಾರ ಚೀಟಿಯಲ್ಲಿ ಇ.ಎಸ್.ಐ. ಹೆಸರಿನಲ್ಲಿ ಶೇ 0.75 ಮುರಿದುಕೊಳ್ಳುತ್ತಿದ್ದರೆ ನೀವು ವಿಮೆದಾರರು. ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರು ಇದರ ವ್ಯಾಪ್ತಿಗೆ ಬರುತ್ತಾರೆ. ಇ.ಎಸ್.ಐ. ಕಾರ್ಡನ್ನು ನಾವು ಕಲಬುರಗಿಯ ಸೇಡಂ ರಸ್ತೆಯ ಇ.ಎಸ್.ಐ. ಆಸ್ಪತ್ರೆಗೆ ಹೋಗಲು ಮಾತ್ರ ಬಳಸುತ್ತೇವೆ. ಅದರಲ್ಲಿ ನಿರುದ್ಯೋಗ ಭತ್ಯೆಯೂ ಇದೆ.

ಮೊದಲನೆಯದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈನಲ್ಲಿ ಶುರುವಾದಾಗ ಸರಾಸರಿ ದಿನಗಳಿಕೆಯ ಕಾಲು ಭಾಗ ಕೊಡುತ್ತಿತ್ತು. ಕೊರೊನಾ ಕಾಲದಲ್ಲಿ ಅರ್ಧಕ್ಕೆ ಏರಿಸಿದರು. ಜೀವಮಾನದಲ್ಲಿ ಒಟ್ಟು 90 ದಿನಗಳವರೆಗೆ ಸಿಗುತ್ತದೆ. ಮೇಲಿನ ಉದಾಹರಣೆಯ ಕಾರ್ಮಿಕನಿಗೆ ಇದು ಸುಮಾರು 19,500 ರೂಪಾಯಿ. ಕನಿಷ್ಠ ಎರಡು ವರ್ಷ ವಿಮೆಯಡಿ ಕೆಲಸ ಮಾಡಿರಬೇಕು. ಇ.ಎಸ್.ಐ. ಲೆಕ್ಕದಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಹೀಗೆ ಆರಾರು ತಿಂಗಳಿಗೆ ಒಂದು ಅವಧಿ. ಕೆಲಸ ಹೋಗುವ ಮುಂಚಿನ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ಕೆಲಸ ಹೋಗಿ 30 ದಿನಗಳಾದ ಮೇಲೆ ನೀವೇ ನೇರವಾಗಿ ಅರ್ಜಿ ಹಾಕಬಹುದು. ಮಾಲೀಕನ ಮೂಲಕ ಹೋಗಬೇಕಿಲ್ಲ. ಗುತ್ತೇದಾರ ಫೋನ್ ಎತ್ತುವುದನ್ನೇ ನಿಲ್ಲಿಸಿದ ಕಡೆ ಇದು ದೊಡ್ಡ ಅನುಕೂಲ. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಬೇಕು. ಈ ಯೋಜನೆಯ ಅವಧಿಯನ್ನು ಕಾಲಕಾಲಕ್ಕೆ ವಿಸ್ತರಿಸುತ್ತ ಬಂದಿದ್ದಾರೆ. ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿದೆಯೇ ಎಂದು ಶಾಖಾ ಕಚೇರಿಯಲ್ಲಿ ಮೊದಲು ಕೇಳಿ.

ಎರಡನೆಯದು ಹಳೆಯದು, ದೊಡ್ಡದು: 2005ರ ಏಪ್ರಿಲ್‌ನಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಕಾರ್ಖಾನೆ ಮುಚ್ಚಿದ್ದರಿಂದ ಅಥವಾ ಕಡಿತದಿಂದ ಕೆಲಸ ಹೋದವರಿಗೆ, ಕನಿಷ್ಠ ಎರಡು ವರ್ಷ ವಂತಿಗೆ ಕಟ್ಟಿದ್ದರೆ, 24 ತಿಂಗಳವರೆಗೆ ಭತ್ಯೆ. ಮೊದಲ 12 ತಿಂಗಳು ಸರಾಸರಿ ದಿನಗಳಿಕೆಯ ಅರ್ಧ, ನಂತರದ 12 ತಿಂಗಳು ಕಾಲು ಭಾಗ. ಅಷ್ಟು ಕಾಲ ಕುಟುಂಬಕ್ಕೆಲ್ಲ ಇ.ಎಸ್.ಐ. ಚಿಕಿತ್ಸೆಯೂ ಮುಂದುವರಿಯುತ್ತದೆ. ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಹೆರಿಗೆಯಾಗಬೇಕಾದವರು ಇದ್ದರೆ ಭತ್ಯೆಗಿಂತ ಈ ಸೌಲಭ್ಯವೇ ಹೆಚ್ಚಿನದು. ಭತ್ಯೆ ಪಡೆಯುತ್ತಿರುವಾಗ ವೃತ್ತಿ ತರಬೇತಿಗೆ ಸೇರಿದರೆ ಶುಲ್ಕವನ್ನೂ ಪ್ರಯಾಣದ ಖರ್ಚನ್ನೂ ಇ.ಎಸ್.ಐ. ನಿಗಮವೇ ಭರಿಸುವ ಅವಕಾಶವಿದೆ. ಅರ್ಜಿ ಕೊಡುವಾಗಲೇ ಅದನ್ನು ಕೇಳಿ. ರಾಜೀನಾಮೆ ಕೊಟ್ಟವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಈ ಯೋಜನೆ ಇಲ್ಲ. ಎರಡೂ ಯೋಜನೆಯ ಹಣವನ್ನು ಒಟ್ಟಿಗೆ ಪಡೆಯುವಂತಿಲ್ಲ. ಕಡಿತದ ಪತ್ರ ಕೈಯಲ್ಲಿದ್ದರೆ ಎರಡನೆಯದನ್ನೇ ಕೇಳಿ.

ಗಣಿಯಲ್ಲಿ ದುಡಿದವರ ಸ್ಥಿತಿ ಬೇರೆ. ಸಂಹಿತೆಗಳಿಗೆ ಮುಂಚಿನ ಕಾನೂನಿನಲ್ಲಿ, ಗಣಿ ಕಾಯ್ದೆಗೆ ಒಳಪಟ್ಟ ಗಣಿಗಳಿಗೆ ಇ.ಎಸ್.ಐ. ಅನ್ವಯಿಸುತ್ತಿರಲಿಲ್ಲ. ಒಂದೇ ಕಂಪನಿಯಲ್ಲಿ ಕಿಲ್ನ್ ಕಡೆಯವರಿಗೆ ಇದ್ದ ಭತ್ಯೆ ಸುಣ್ಣಕಲ್ಲಿನ ಗಣಿಯ ಡಂಪರ್ ಚಾಲಕರಿಗೆ ಇರಲಿಲ್ಲ. ಅವರಿಗೆ ಪರಿಹಾರ, ಗ್ರಾಚ್ಯುಟಿ, ಪಿ.ಎಫ್. ಇವಷ್ಟೇ ದಾರಿಯಾಗಿದ್ದವು. ಈಗಿನ ನಿಯಮ ಏನೆಂದು ಇ.ಎಸ್.ಐ. ಶಾಖಾ ಕಚೇರಿಯಲ್ಲಿ ಕೇಳಿ. ಕಾರ್ಮಿಕ ಸಂಘಗಳು ಗಟ್ಟಿಯಾಗಿ ಎತ್ತಬೇಕಾದ ವಿಷಯ ಇದು.

ಪಿ.ಎಫ್.: ಅವಸರ ಬೇಡ

ಕೆಲಸ ಹೋದ ಕೂಡಲೇ ನೆಟ್ ಸೆಂಟರ್‌ಗೆ ಹೋಗಿ ಪಿ.ಎಫ್. ಪೂರ್ತಿ ತೆಗೆಸುವುದು ನಮ್ಮ ಕಡೆ ರೂಢಿ. ಕೈ ಬರಿದಾದಾಗ ಅದು ಸಹಜವೇ. ಆದರೆ ಎರಡು ವಿಷಯ ತಿಳಿದುಕೊಂಡು ತೆಗೆಯಿರಿ.

ಮೊದಲನೆಯದು ಪಿಂಚಣಿ. ಒಟ್ಟು 10 ವರ್ಷ ಸದಸ್ಯತ್ವ ಮುಗಿದರೆ 58ಕ್ಕೆ ಪಿಂಚಣಿ ಸಿಗುತ್ತದೆ. ಎಂಟು, ಒಂಬತ್ತು ವರ್ಷ ಆದವರು ಪಿಂಚಣಿ ಭಾಗವನ್ನೂ ತೆಗೆದುಬಿಟ್ಟರೆ ಆ ವರ್ಷಗಳೆಲ್ಲ ಅಳಿಸಿಹೋಗುತ್ತವೆ. ಬದಲಿಗೆ ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟುಕೊಂಡರೆ, ತಾಂಡೂರಿನಲ್ಲೋ ಹೈದರಾಬಾದಿನಲ್ಲೋ ಮತ್ತೆ ಕೆಲಸ ಸಿಕ್ಕಾಗ ಹಳೆಯ ವರ್ಷಗಳು ಕೂಡಿಕೊಳ್ಳುತ್ತವೆ.

ಎರಡನೆಯದು ನಿಯಮಗಳ ಬದಲಾವಣೆ. ಮೊದಲು ಕೆಲಸ ಹೋಗಿ ಒಂದು ತಿಂಗಳಿಗೆ ಶೇ 75, ಎರಡು ತಿಂಗಳಿಗೆ ಉಳಿದದ್ದು ಸಿಗುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಪಿ.ಎಫ್. ಮಂಡಳಿ ತೆಗೆದುಕೊಂಡ ತೀರ್ಮಾನದಂತೆ ಶೇ 75 ಕೂಡಲೇ, ಉಳಿದ ಕಾಲು ಭಾಗ 12 ತಿಂಗಳ ನಿರುದ್ಯೋಗದ ನಂತರ; ಪಿಂಚಣಿ ಭಾಗ ತೆಗೆಯಲು 36 ತಿಂಗಳು ಕಾಯಬೇಕು. ನೀವು ಅರ್ಜಿ ಹಾಕುವ ದಿನ ಯಾವ ನಿಯಮ ನಡೆಯುತ್ತಿದೆ ಎಂದು ಕಲಬುರಗಿಯ ಪಿ.ಎಫ್. ಕಚೇರಿಯಲ್ಲಿ ಕೇಳಿಕೊಳ್ಳಿ. ಪ್ರತಿ ತಿಂಗಳು 27ರ ಸುಮಾರಿಗೆ ಜಿಲ್ಲೆಯಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಯುತ್ತದೆ, ಪಿ.ಎಫ್., ಇ.ಎಸ್.ಐ. ಎರಡರ ತಕರಾರನ್ನೂ ಅಲ್ಲಿಗೆ ಒಯ್ಯಬಹುದು.

ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಹೆಸರಿನ ಕಾರಣಕ್ಕೆ. ಆಧಾರ್‌ನಲ್ಲಿ ಶರಣಪ್ಪ, ಪಿ.ಎಫ್. ದಾಖಲೆಯಲ್ಲಿ ಶರ್ಣಪ್ಪ, ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಅಡ್ಡಹೆಸರು, ಶಾಲೆಯಲ್ಲಿ ಬರೆಸಿದ ಜೂನ್ 1ರ ಜನ್ಮದಿನ ಒಂದು ಕಡೆ, ಬೇರೆ ತಾರೀಖು ಇನ್ನೊಂದು ಕಡೆ. ಇದನ್ನು ಸರಿಪಡಿಸಲು ಕೆಲವು ಸಲ ಮಾಲೀಕನ ಒಪ್ಪಿಗೆ ಬೇಕಾಗಬಹುದಾದ್ದರಿಂದ, ಕೆಲಸದಲ್ಲಿರುವಾಗಲೇ, ಗುತ್ತೇದಾರ ಕಣ್ಣೆದುರಿಗೆ ಇರುವಾಗಲೇ ಮುಗಿಸಿ. ಕೆಲಸ ಬಿಟ್ಟ ದಿನಾಂಕವನ್ನು ಅವರು ನಮೂದಿಸದಿದ್ದರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ನೀವೇ ಪೋರ್ಟಲ್‌ನಲ್ಲಿ ಹಾಕಬಹುದು. ಐದು ವರ್ಷಕ್ಕಿಂತ ಕಡಿಮೆ ಸೇವೆಯಲ್ಲಿ 50,000 ರೂಪಾಯಿಗೆ ಮೇಲ್ಪಟ್ಟು ತೆಗೆದರೆ ತೆರಿಗೆ ಮುರಿಯುತ್ತಾರೆ. ಮಾಲೀಕನ ವ್ಯವಹಾರ ನಿಂತದ್ದರಿಂದ ಅಥವಾ ನಿಮ್ಮ ಕೈ ಮೀರಿದ ಕಾರಣದಿಂದ ಕೆಲಸ ಹೋಗಿದ್ದರೆ ಆ ತೆರಿಗೆ ಇಲ್ಲ. ಇಲ್ಲಿಯೂ ಕಡಿತದ ಪತ್ರವೇ ಸಾಕ್ಷಿ. ಓಟಿಪಿಯನ್ನು ಏಜೆಂಟರಿಗೆ ಹೇಳಬೇಡಿ.

ಗುತ್ತೇದಾರನ ಕೆಳಗಿದ್ದವರು

ಗ್ರಾಚ್ಯುಟಿಗೆ ಐದು ವರ್ಷ ಸತತ ಸೇವೆ ಬೇಕು. ಕೆಲಸಗಾರರು ಅವರೇ, ಗೇಟು ಅದೇ, ಯಂತ್ರವೂ ಅದೇ. ಎರಡು ಮೂರು ವರ್ಷಕ್ಕೊಮ್ಮೆ ಗುತ್ತೇದಾರನ ಹೆಸರು ಮಾತ್ರ ಬದಲಾಗುತ್ತದೆ. ಹದಿನೈದು ವರ್ಷ ದುಡಿದವರೂ ಯಾವೊಬ್ಬ ಗುತ್ತೇದಾರನ ಪುಸ್ತಕದಲ್ಲೂ ಐದು ವರ್ಷ ತುಂಬಿರುವುದಿಲ್ಲ. ನ್ಯಾಯ ಕೇಳಬೇಕಾದರೆ ದಾಖಲೆ ಬೇಕು: ಹಳೆಯ ಗೇಟ್ ಪಾಸುಗಳು, ಹಾಜರಿ ಕಾರ್ಡು, ಸುರಕ್ಷತಾ ತರಬೇತಿಯ ಚೀಟಿ, ಪಿ.ಎಫ್. ಪಾಸ್‌ಬುಕ್ಕಿನಲ್ಲಿ ಒಂದರ ಹಿಂದೊಂದು ಬಂದ ಗುತ್ತೇದಾರರ ಹೆಸರುಗಳು. ಒಂದನ್ನೂ ಬಿಸಾಡಬೇಡಿ. ನಿಗದಿತ ಅವಧಿಯ ನೇಮಕಾತಿ ಪತ್ರ ಇರುವವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಪ್ರಮಾಣಾನುಸಾರ ಗ್ರಾಚ್ಯುಟಿ ಇದೆ. ಗುತ್ತೇದಾರ ಪಗಾರ ಬಾಕಿ ಉಳಿಸಿ ಹೋದರೆ ಅದನ್ನು ಕೊಡುವ ಹೊಣೆ ಕಂಪನಿಯದು.

ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಹೋದರೆ ಜೆಟ್ ಏರ್‌ವೇಸ್ ಪ್ರಕರಣ ನೆನಪಿರಲಿ. 2019ರ ಏಪ್ರಿಲ್‌ನಲ್ಲಿ ಆ ವಿಮಾನ ಕಂಪನಿ ನಿಂತಾಗ ಪೈಲಟ್‌ಗಳಿಂದ ಹಿಡಿದು ಸಾಮಾನು ಹೊರುವವರವರೆಗೆ ಎಲ್ಲರೂ ಬೀದಿಗೆ ಬಂದರು. ಪಿ.ಎಫ್. ಮತ್ತು ಗ್ರಾಚ್ಯುಟಿ ಪೂರ್ತಿ ಕೊಡಬೇಕೆಂದು ಮೇಲ್ಮನವಿ ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ಹೇಳಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲಿಲ್ಲ. ಆದರೂ ಹಣಕ್ಕಾಗಿ ಕಾಯುವುದು ಮುಗಿಯಲಿಲ್ಲ. 2024ರ ನವೆಂಬರ್‌ನಲ್ಲಿ ಕಂಪನಿಯನ್ನೇ ಸಮಾಪನಗೊಳಿಸಲು ಆದೇಶವಾಯಿತು. ದಿವಾಳಿ ಪ್ರಕಟಣೆ ಹೊರಬಿದ್ದ ಕೂಡಲೇ ನೌಕರರ ಕ್ಲೇಮ್ ಅರ್ಜಿಯನ್ನು ಗಡುವಿನೊಳಗೆ ಸಲ್ಲಿಸಬೇಕು.

ಮತ್ತೆ ಕಲಿಯಲು

ಕೈಗಾರಿಕಾ ಸಂಬಂಧಗಳ ಸಂಹಿತೆಯ ಹೊಸ ಅಂಶ ಮರುಕೌಶಲ ನಿಧಿ. ಕಡಿತವಾದ ಪ್ರತಿ ಕಾರ್ಮಿಕನ ಲೆಕ್ಕಕ್ಕೆ ಮಾಲೀಕ 15 ದಿನಗಳ ಕೊನೆಯ ವೇತನವನ್ನು ಕಟ್ಟಬೇಕು. ಕಡಿತವಾದ 45 ದಿನಗಳೊಳಗೆ ಅದು ಕಾರ್ಮಿಕನ ಖಾತೆಗೆ ಬರಬೇಕು. ಇದು ಪರಿಹಾರದ ಭಾಗವಲ್ಲ, ಅದರ ಮೇಲಿನದು. ಹಿಸಾಬಿನ ಪಟ್ಟಿಯಲ್ಲಿ ಬೇರೆ ಸಾಲಾಗಿ ಇದೆಯೇ ನೋಡಿ. ಅರ್ಧ ತಿಂಗಳ ಪಗಾರದಲ್ಲಿ ಯಾರೂ ಹೊಸ ವೃತ್ತಿ ಕಲಿಯಲಾರರು, ಅದು ನಿಜ. ಆದರೆ ಉಚಿತ ತರಬೇತಿಗೆ ಸೇರಿಕೊಂಡರೆ ಬಸ್ಸಿಗೆ, ಊಟಕ್ಕೆ, ಪರೀಕ್ಷಾ ಶುಲ್ಕಕ್ಕೆ ಆಗುತ್ತದೆ. ಕಿರಾಣಿ ಬಾಕಿಗೆ ಹೋಗುವ ಮೊದಲು ಅದನ್ನು ಎತ್ತಿಡಿ.

ಕಲಬುರಗಿಯಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ, ಕರ್ನಾಟಕ ಜರ್ಮನ್ ತಾಂತ್ರಿಕ ತರಬೇತಿ ಸಂಸ್ಥೆಯೂ ಇದೆ. ವೆಲ್ಡಿಂಗ್, ಸಿಎನ್‌ಸಿ, ವಿದ್ಯುತ್ ಕೆಲಸದಂತಹ ಅಲ್ಪಾವಧಿ ಕೋರ್ಸುಗಳನ್ನು ವಿಚಾರಿಸಿ. ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ತರಬೇತಿ ಉಚಿತ. ಮೋಟರ್ ರಿವೈಂಡಿಂಗ್, ಹೈನುಗಾರಿಕೆ, ಹೊಲಿಗೆಯಂಥವು ಇರುತ್ತವೆ, ನಂತರ ಬ್ಯಾಂಕ್ ಸಾಲಕ್ಕೂ ಸಹಾಯ ಮಾಡುತ್ತಾರೆ. ಐಟಿಐ ಸೀಟಿಗೆ ಮಕ್ಕಳನ್ನು ಸೇರಿಸುವವರು, ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಮಾಡಿಸಿಡಿ.

ನಲವತ್ತು ದಾಟಿದವರು ಹೊಸ ಕೋರ್ಸಿಗೆ ಹಿಂಜರಿಯುತ್ತಾರೆ. ಅವರಿಗೆ ಬೇರೆ ದಾರಿ ಇದೆ. ಕೇಂದ್ರದ ಕೌಶಲ್ಯ ಯೋಜನೆಯಲ್ಲಿ, ದುಡಿದು ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯಿದೆ. ಹನ್ನೆರಡು ವರ್ಷ ಕನ್ವೇಯರ್ ಬೆಲ್ಟ್ ಜೋಡಿಸಿದ ಫಿಟ್ಟರ್‌ಗೆ ಕೈಯಲ್ಲಿ ವಿದ್ಯೆ ಇದೆ, ಕಾಗದ ಇಲ್ಲ. ಆ ಕಾಗದ ಸಿಕ್ಕರೆ ಗಡಿಯಾಚೆಯ ಸಿಮೆಂಟ್ ಕಾರ್ಖಾನೆಯಲ್ಲಿ ಹೆಲ್ಪರ್ ಎಂದಲ್ಲ, ಫಿಟ್ಟರ್ ಎಂದೇ ಪಗಾರ ಕೇಳಬಹುದು.

ಮನೆಯಲ್ಲಿ ಈಚೆಗೆ ಪದವಿ ಮುಗಿಸಿದ ಮಕ್ಕಳಿದ್ದರೆ ರಾಜ್ಯದ ಯುವನಿಧಿಯನ್ನು ನೋಡಿ: ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಎರಡು ವರ್ಷದವರೆಗೆ. ಇದು ಕೆಲಸ ಕಳೆದುಕೊಂಡ ಅಪ್ಪನಿಗಲ್ಲ, ಕೆಲಸ ಸಿಗದ ಮಕ್ಕಳಿಗೆ.

ಫರ್ಸಿ ಖಣಿಯವರಿಗೆ

ಶಹಾಬಾದ್, ಚಿತ್ತಾಪುರ ಸುತ್ತಿನ ಫರ್ಸಿ ಕಲ್ಲಿನ ಖಣಿ ಮತ್ತು ಪಾಲಿಶ್ ಘಟಕಗಳಲ್ಲಿ ದುಡಿದವರಲ್ಲಿ ಬಹಳ ಜನರ ಬಳಿ ಪಗಾರ ಚೀಟಿಯೂ ಇಲ್ಲ. ಅವರು ಮೊದಲು ಇ-ಶ್ರಮ್ ನೋಂದಣಿ ಮಾಡಿಸಲಿ. ಕಲ್ಲು ಹಾಸುವ, ಗಾರೆ ಕೆಲಸಕ್ಕೆ ತಿರುಗಿದವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಪಡೆಯಬಹುದು. ದೂಳಿನಲ್ಲಿ ವರ್ಷಗಟ್ಟಲೆ ಕೂತು ಈಗ ಏದುಸಿರು ಬಿಡುತ್ತಿರುವವರು ಎದೆಯ ಎಕ್ಸ್‌ರೇ ತೆಗೆಸಿ, ಎಲ್ಲಿ ಎಷ್ಟು ವರ್ಷ ದುಡಿದಿರೆಂದು ವೈದ್ಯರ ಚೀಟಿಯಲ್ಲಿ ಬರೆಸಿಕೊಳ್ಳಿ. ಸಿಲಿಕೋಸಿಸ್ ವೃತ್ತಿ ಕಾಯಿಲೆ. ಅದಕ್ಕೆ ಪರಿಹಾರ ಕೇಳುವ ಹಕ್ಕಿದೆ. ಕಂಪನಿ ಗಣಿಗಳಲ್ಲಿ ಇದ್ದವರು ತಮ್ಮ ನಿಯತಕಾಲಿಕ ವೈದ್ಯಕೀಯ ತಪಾಸಣೆಯ ಪ್ರತಿಯನ್ನು ಬಿಡುವ ಮುನ್ನವೇ ಕೇಳಿ ಪಡೆಯಿರಿ.

ಇನ್ನು ಎಲ್ಲರಿಗೂ ಸಂಬಂಧಿಸಿದ ಪ್ರಶ್ನೆ: ದೂರು ಎಲ್ಲಿಗೆ? ಸಿಮೆಂಟ್ ಕಾರ್ಖಾನೆ ಮತ್ತು ಗಣಿಗಳ ಕಡಿತ, ಪರಿಹಾರದ ತಕರಾರು ಕೇಂದ್ರ ಸರ್ಕಾರದ ಕಾರ್ಮಿಕ ಆಯುಕ್ತರ ವ್ಯವಸ್ಥೆಗೆ ಸೇರುತ್ತದೆ. ಸಮಾಧಾನ್ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ಪಾಲಿಶ್ ಘಟಕ, ಅಂಗಡಿ, ಸಣ್ಣ ಕಾರ್ಖಾನೆಗಳದು ರಾಜ್ಯದ ಕಾರ್ಮಿಕ ಇಲಾಖೆಗೆ. ತಪ್ಪು ಕಚೇರಿಗೆ ಅಲೆದು ವರ್ಷ ಕಳೆದುಕೊಳ್ಳಬೇಡಿ. ಸಂಧಾನಕ್ಕೆ ಅರ್ಜಿ ಕೊಟ್ಟು 45 ದಿನಗಳಾದರೂ ಇತ್ಯರ್ಥವಾಗದಿದ್ದರೆ ಕಾರ್ಮಿಕನೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಕೆಲಸ ಹೋದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ವಕೀಲರ ಫೀಗೆ ಹೆದರಬೇಕಿಲ್ಲ. ಕೈಗಾರಿಕಾ ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು ಕಾನೂನೇ ಹೇಳುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ನ್ಯಾಯಾಲಯದ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100. ಹೋಗುವಾಗ ಹಿಸಾಬಿನ ಪಟ್ಟಿ, ಗೇಟ್ ಪಾಸ್, ಕೊನೆಯ ಮೂರು ಪಗಾರ ಚೀಟಿ ಒಯ್ಯಿರಿ. ರಾಜೀನಾಮೆಗೆ ಒತ್ತಾಯದಿಂದ ಸಹಿ ಪಡೆದಿದ್ದರೆ, ಯಾವ ದಿನ, ಯಾರ ಎದುರು, ಯಾವ ಮಾತಿಗೆ ಹಾಕಿದಿರೆಂದು ಇವತ್ತೇ ಒಂದು ಹಾಳೆಯಲ್ಲಿ ಬರೆದು, ಸ್ಪೀಡ್ ಪೋಸ್ಟ್‌ನಲ್ಲಿ ಕಂಪನಿಗೆ ಕಳಿಸಿ. ಅದರ ಪ್ರತಿಯೂ ಅಂಚೆಯ ರಸೀದಿಯೂ ನಿಮ್ಮ ಬಳಿ ಇರಲಿ.